ಮೂರನೇ ಟೇಬಲ್ಲಿನ ಸಾಕ್ಷಿ

ಹೊಳೆನರಸೀಪುರದ ಒಂದು ಬಾರಿನಲ್ಲಿ ಮೂವತ್ತೊಂದು ವರ್ಷ ಸಪ್ಲೈಯರ್ ಆಗಿದ್ದೆ, ಒಂದು ಹನಿಯನ್ನೂ ಬಾಯಿಗೆ ಬಿಟ್ಟುಕೊಂಡವನಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಹೆಂಡತಿಯೇ ಮೊದಲ ಹತ್ತು ವರ್ಷ ನಂಬಲಿಲ್ಲ. ಕೆಲಸ ಮುಗಿಸಿ ಬಂದರೆ ಶರ್ಟನ್ನು ಹೊರಗಿನ ತಂತಿಗೆ ಹಾಕಿಸಿ, ‘ಬಾಯ್ ಬುಡಿ ನೋಡಾನ’ ಎಂದು ಮೂಸಿ ನೋಡಿ, ಆಮೇಲೇ ಮುದ್ದೆ ಇಡುತ್ತಿದ್ದಳು. ಊರಿಗೆಲ್ಲ ಕುಡಿಸಿದವನು ನಾನು, ಪರೀಕ್ಷೆ ಕೊಟ್ಟವನೂ ನಾನೇ.

ಈಗ ಬರೆಯಲು ಕೂತಿದ್ದಕ್ಕೂ ಒಂದು ಕಾರಣವಿದೆ. ನಮ್ಮ ಹಳೇ ಮಾಲೀಕರು ಅರಕಲಗೂಡಿನಲ್ಲಿ ಇನ್ನೊಂದು ಬಾರ್ ತೆಗೆದರು. ‘ಹೊಸಬ್ರಿಗೆ ನಾಕು ಮಾತು ಯೋಳ್ಕೊಡು ರಂಗಣ್ಣ’ ಎಂದು ಕರೆಸಿಕೊಂಡರು. ಹೋಗಿ ಒಂದು ಗಂಟೆ ಹೇಳಿದೆ. ನಾಲ್ಕು ಜನ ಹೊಸ ಸಪ್ಲೈಯರುಗಳು ಫೋನು ನೋಡುತ್ತಲೇ ಭಕ್ತಿಯಿಂದ ಕೇಳಿದರು. ಕೊನೆಗೆ ಒಬ್ಬ, ‘ಟಿಪ್ಸ್ ಎಂಗ್ ಬರತ್ತೆ ಸಾ?’ ಎಂದ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ. ಟಿಪ್ಸಿನ ವಿಷಯ ಅವರೇ ಕಲಿತುಕೊಳ್ಳುತ್ತಾರೆ.

ಬಾರಿನ ಹೆಸರು ಬರೆಯುವುದಿಲ್ಲ. ಮಾಲೀಕರು ಅದಕ್ಕೆ ತಮ್ಮ ಮನೆದೇವರ ಹೆಸರಿಟ್ಟಿದ್ದರು. ಇದರಿಂದ ಗಿರಾಕಿಗಳಿಗೆ ದೊಡ್ಡ ಉಪಕಾರವಾಗಿತ್ತು. ಮನೆಯಲ್ಲಿ ‘ಎತ್ಲಾಗ್ ಒಂಟ್ರಿ?’ ಎಂದು ಕೇಳಿದರೆ ದೇವರ ಹೆಸರು ಹೇಳಿ ಹೊರಡಬಹುದಿತ್ತು, ಸುಳ್ಳಾಡಿದ ಪಾಪವೂ ಇಲ್ಲ. ಬಾಗಿಲಿಗೆ ಹಸಿರು ಪರದೆ, ಪರದೆಯಿಂದ ಒಳಗೆ ಒಂದು ಪ್ಲೈವುಡ್ ಮರೆ. ಗಾಳಿಗೆ ಪರದೆ ಹಾರಿದರೂ ಒಳಗಿನವರ ಮರ್ಯಾದೆ ಹಾರಬಾರದು ಎಂದು ಮಾಡಿದ ಏರ್ಪಾಡು ಅದು.

ಒಳಗೆ ಇದ್ದದ್ದು ಮೂರೇ ದೊಡ್ಡ ಟೇಬಲ್ಲುಗಳು. ಒಂದನೆಯದು ಕೌಂಟರಿನ ಪಕ್ಕ. ನಿಂತ ಕಾಲಿನಲ್ಲೇ ಒಂದು ನೈಂಟಿ ಎತ್ತಿ, ಉಪ್ಪಿನಕಾಯಿ ನಾಲಿಗೆಗೆ ತಾಗಿಸಿ ಹೊರಡುವವರದ್ದು. ಎರಡನೆಯದು ಸರ್ಕಾರಿ ನೌಕರರದ್ದು. ಇವರು ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದರು, ಬೆನ್ನಿನಿಂದ ಯಾರೂ ಗುರುತು ಹಿಡಿಯಲಾರರು ಎಂದು ಅವರ ನಂಬಿಕೆ. ಅಷ್ಟೂ ವರ್ಷ ಅವರ ಬೆನ್ನನ್ನೇ ನೋಡಿದ ನಾನು ಇವತ್ತಿಗೂ ತಾಲ್ಲೂಕಾಫೀಸಿನಲ್ಲಿ ಅವರನ್ನು ಹಿಂದಿನಿಂದಲೇ ಗುರುತಿಸುತ್ತೇನೆ. ಮುಂದಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಮೂರನೆಯ ಟೇಬಲ್ಲು ಮೂಲೆಯಲ್ಲಿ, ಕಿಟಕಿಯ ಪಕ್ಕ. ಎಂಟು ಜನ ಕೂರಬಹುದಾಗಿತ್ತು. ಅದು ಪಂಚಾಯ್ತಿ ಟೇಬಲ್ಲು. ಸುತ್ತಲ ಹಳ್ಳಿಗಳ ಪಾಲು ವಿಭಾಗ, ಬೇಲಿ ಜಗಳ, ಡೈರಿ ಎಲೆಕ್ಷನ್ನು, ಗಂಡು ಹೆಣ್ಣು ಕೂಡಿಸುವುದು ಎಲ್ಲ ಅಲ್ಲೇ. ಊರಿನ ಅರಳೀಕಟ್ಟೆಯಲ್ಲಿ ನಡೆಯುತ್ತಿದ್ದದ್ದು ನಾಟಕ, ಪ್ರಾಕ್ಟೀಸು ನಮ್ಮಲ್ಲಿ.

ಹಾಸನದ ಕಾಲೇಜೊಂದರ ಇತಿಹಾಸದ ಮೇಷ್ಟ್ರು ಒಬ್ಬರು ಶನಿವಾರ ಶನಿವಾರ ಬರುತ್ತಿದ್ದರು. ತಮ್ಮ ಊರಿನಲ್ಲಿ ವಿದ್ಯಾರ್ಥಿಗಳು ನೋಡುತ್ತಾರೆ ಎಂದು ಅಷ್ಟು ದೂರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರು ಒಂದು ದಿನ ನನ್ನನ್ನು ನಿಲ್ಲಿಸಿ ಹೇಳಿದರು: ‘ರಂಗಣ್ಣ, ಅಮೆರಿಕದಲ್ಲಿ ಜನ ಪಶ್ಚಿಮದ ಕಡೆ ಹೊಸ ನೆಲ ಹುಡುಕಿಕೊಂಡು ಹೋದ ಕಾಲದಲ್ಲಿ, ಎಷ್ಟೋ ಊರುಗಳಲ್ಲಿ ಮೊದಲು ಎದ್ದದ್ದು ಹೆಂಡದಂಗಡಿ. ಡೇರೆಯೊಳಗೆ ಒಂದು ಹಲಗೆ, ನಾಲ್ಕು ಸೀಸೆ. ಆಮೇಲೆ ಊರು. ಕಾಗದ ಬಂದರೆ ಅಲ್ಲೇ, ಕೆಲಸ ಹುಡುಕುವುದು ಅಲ್ಲೇ, ಎಲೆಕ್ಷನ್ ಅಲ್ಲೇ, ಕೋರ್ಟೂ ಅಲ್ಲೇ. ಪಾದ್ರಿ ಬಂದರೆ ಭಾನುವಾರ ಪ್ರಾರ್ಥನೆಯೂ ಅಲ್ಲೇ.’

‘ಅಂಗಾರೆ ಅಮೆರಿಕದೋರೂ ನಮ್ ಕಡೇರೇ ಬುಡಿ ಸಾ’ ಎಂದೆ.

‘ಒಂದು ವ್ಯತ್ಯಾಸ. ಅಲ್ಲಿ ಕೆಲವು ಊರಲ್ಲಿ ಪಿಸ್ತೂಲನ್ನ ಕೌಂಟರಿಗೆ ಕೊಟ್ಟು ಒಳಗೆ ಹೋಗಬೇಕಾಗಿತ್ತಂತೆ.’

ನಮ್ಮಲ್ಲಿ ಪಿಸ್ತೂಲಿರಲಿಲ್ಲ, ನಾಲಿಗೆ ಇತ್ತು. ಅದನ್ನು ಯಾರೂ ಕೌಂಟರಿಗೆ ಕೊಟ್ಟು ಬರುತ್ತಿರಲಿಲ್ಲ.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಆ ನಾಲಿಗೆಯದ್ದೇ. ನಮ್ಮ ಕಡೆ ಮಾವ ಅಳಿಯ ಎದುರೆದುರು ಕೂತು ಕುಡಿಯುವುದಿಲ್ಲ. ಹಾಗೆಂದು ಇಬ್ಬರೂ ಕುಡಿಯುವುದಿಲ್ಲ ಎಂದಲ್ಲ. ಇಬ್ಬರೂ ಒಂದೇ ಸಂಜೆ ಬಂದರೆ ಸಪ್ಲೈಯರ್ ಆದವನು ಒಬ್ಬರನ್ನು ಟೇಬಲ್ಲುಗಳ ನಡುವಿನ ಇನ್ನೊಂದು ಹಲಗೆ ಮರೆಯ ಈಚೆ, ಇನ್ನೊಬ್ಬರನ್ನು ಆಚೆ ಕೂರಿಸಬೇಕು. ಮರೆಯ ಕೆಳಗಿನ ಗೇಣಗಲದ ಸಂದಿಯಲ್ಲಿ ಚಪ್ಪಲಿ ಕಾಣುತ್ತದೆ. ಇಬ್ಬರಿಗೂ ಗೊತ್ತಾಗುತ್ತದೆ. ಆದರೂ ಗೊತ್ತಿಲ್ಲ. ಸಂಸಾರ ನಿಂತಿರುವುದೇ ಇದರ ಮೇಲೆ.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಅಳಿಯಂದಿರಿಗೆ ಮಾವನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ‘ಆಚೆ ಕುಂತವ್ರಲ್ಲ, ಅವ್ರಿಗೆ ಒಂದು ಬೋಟಿ ಫ್ರೈ ಕೊಡು. ಯಾರು ಅಂತ ಯೋಳ್ಬ್ಯಾಡ’ ಎಂದರು. ನಾನು ತಟ್ಟೆ ಇಟ್ಟು, ಸಂಭ್ರಮದಿಂದ, ‘ನಿಮ್ ಅಳಿಯಂದ್ರು ಕಳ್ಸವ್ರೆ’ ಎಂದುಬಿಟ್ಟೆ. ಮಾವ ಎದ್ದು ಮುಂಬಾಗಿಲಿನಿಂದ ಹೋದರು, ಅಳಿಯಂದಿರು ಹಿಂಬಾಗಿಲಿನಿಂದ ಹೋದರು. ಆ ವರ್ಷ ಆ ಮನೆಯಲ್ಲಿ ಗೌರಿ ಹಬ್ಬಕ್ಕೆ ಮಗಳನ್ನೂ ಕರೆಯಲಿಲ್ಲವಂತೆ. ಬೋಟಿಯನ್ನು ಒಂದನೇ ಟೇಬಲ್ಲಿನವರು ತಿಂದರು.

ಮಾಲೀಕರು ಬೈಯಲಿಲ್ಲ. ಕೌಂಟರಿನ ಹತ್ತಿರ ಕರೆದು ಮೆಲ್ಲಗೆ ಹೇಳಿದರು: ‘ನೋಡ್ಲಾ ರಂಗ, ಈ ಕಸುಬ್ನಾಗೆ ಕಣ್ಣಿದ್ರೂ ಕಂಡಿಲ್ಲ, ಕಿವಿ ಇದ್ರೂ ಕೇಳಿಲ್ಲ. ನೆಪ್ಪಿಟ್ಕೊ.’

ನೆನಪಿಟ್ಟುಕೊಂಡೆ. ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡೆ ಎಂಬುದೇ ಈ ಕಥೆ.

ಈಗ ನಮ್ಮ ಬಾರಿನ ಒಂದು ಪದ್ಧತಿ ಹೇಳಬೇಕು. ಮೂರನೇ ಟೇಬಲ್ಲಿನಲ್ಲಿ ಆದ ತೀರ್ಮಾನಕ್ಕೆ ಒಂದು ತೊಂದರೆ ಇತ್ತು. ಬೆಳಗಾದರೆ ಯಾರಿಗೂ ಅದು ಸರಿಯಾಗಿ ನೆನಪಿರುತ್ತಿರಲಿಲ್ಲ, ಇಲ್ಲವೇ ನೆನಪಿಲ್ಲ ಅನ್ನುವುದೇ ಲಾಭವಾಗಿರುತ್ತಿತ್ತು. ಅದಕ್ಕೆ ಹಿರಿಯರು ಒಂದು ಕಟ್ಟುಪಾಡು ಮಾಡಿದ್ದರು. ಸಂಜೆ ಕೊಟ್ಟ ಮಾತನ್ನು ಮಾರನೆಯ ಬೆಳಿಗ್ಗೆ ಪಕ್ಕದ ಟೀ ಅಂಗಡಿಯಲ್ಲಿ, ಬರೀ ಹೊಟ್ಟೆಯಲ್ಲಿ, ಟೀ ಕುಡಿಯುತ್ತಾ ಇನ್ನೊಮ್ಮೆ ಹೇಳಬೇಕು. ಹೇಳಿದರೆ ಮಾತು ಗಟ್ಟಿ. ಬರದೆ ತಪ್ಪಿಸಿಕೊಂಡರೆ? ಆಗ ಸಂಜೆ ಅಲ್ಲಿದ್ದವರಲ್ಲಿ ನೆಟ್ಟಗೆ ನಿಂತಿದ್ದವನನ್ನು ಕೇಳಬೇಕು. ಅಷ್ಟು ಜನರಲ್ಲಿ ನೆಟ್ಟಗೆ ನಿಂತಿರುತ್ತಿದ್ದವನು ನಾನೊಬ್ಬನೇ.

ಹೀಗೆ ನಾನು ಯಾವ ಪರೀಕ್ಷೆಯನ್ನೂ ಪಾಸು ಮಾಡದೆ ಎರಡು ಹೋಬಳಿಗೆ ಸಾಕ್ಷಿಯಾದೆ. ‘ಬೇಕಾದ್ರೆ ರಂಗಣ್ಣನ್ನ ಕೇಳಿ’ ಎಂಬುದು ಒಂದು ಗಾದೆಯೇ ಆಯಿತು. ಬಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಹದ್ದಿನ ಕಲ್ಲು ಎಲ್ಲಿಡಬೇಕು, ಹೋರಿ ಯಾರ ಪಾಲು, ಯಾರು ನಾಮಪತ್ರ ವಾಪಸ್ ತೆಗೆಯಬೇಕು, ಎಲ್ಲವನ್ನೂ ಹೇಳುತ್ತಿದ್ದೆ. ಮಾಲೀಕರಿಗೆ ಇದೂ ವ್ಯಾಪಾರಕ್ಕೆ ಒಳ್ಳೆಯದೇ ಆಗಿತ್ತು. ಕಿವಿ ಇಲ್ಲ ಎಂಬ ನಿಯಮಕ್ಕೆ ಇದೊಂದು ವಿನಾಯ್ತಿ. ವಿನಾಯ್ತಿ ಎಲ್ಲಿಯವರೆಗೆ ಎಂಬುದು ಮಾತ್ರ ನನಗೆ ತಡವಾಗಿ ಗೊತ್ತಾಯಿತು.

ಹಳೇಕೋಟೆ ಕಡೆಯ ಒಂದು ಊರಿನ ಬೋರೇಗೌಡರು ನಮ್ಮ ದೊಡ್ಡ ಗಿರಾಕಿ. ಎಲೆಕ್ಷನ್ ಬಂದರೆ ಎರಡು ಟೆಂಪೋ ಜನ ತರುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಎರಡು ಕ್ವಾರ್ಟರಿನವರೆಗೆ ಧರ್ಮರಾಯ, ಬೆಳಗಾದ ಮೇಲೆ ಬೋರೇಗೌಡ. ಅವರ ತೋಟದ ಆಚೆ ಸಣ್ಣಮ್ಮ ಎಂಬ ಹೆಂಗಸಿನ ಒಂದೆಕರೆ ಚಿಲ್ಲರೆ ಹೊಲ ಇತ್ತು. ಗಂಡ ತೀರಿಕೊಂಡಿದ್ದ. ಆಕೆ ಹೊಲಕ್ಕೆ ಹೋಗುತ್ತಿದ್ದದ್ದು ಗೌಡರ ಬದುವಿನ ಮೇಲಿನ ಗಾಡಿದಾರಿಯಲ್ಲಿ. ನಕಾಶೆಯಲ್ಲಿ ದಾರಿ ಇರಲಿಲ್ಲ, ಮೂರು ತಲೆಮಾರಿನಿಂದ ನಡೆದು ಆದ ದಾರಿ ಅದು. ಗೌಡರು ಹೊಸದಾಗಿ ತೆಂಗಿನ ಸಸಿ ಇಟ್ಟು ಅಡ್ಡಕ್ಕೆ ತಂತಿಬೇಲಿ ಹಾಕಿಸಿದರು. ಸಣ್ಣಮ್ಮ ಕೆರೆ ಏರಿ ಸುತ್ತಿಕೊಂಡು ಹೋಗಬೇಕಾಯಿತು. ಏರಿಯ ಮೇಲೆ ಗಾಡಿ ಹೋಗುವುದಿಲ್ಲ. ಗೊಬ್ಬರ ಹೋಗಬೇಕಾದರೂ ರಾಗಿ ಬರಬೇಕಾದರೂ ತಲೆಯ ಮೇಲೆಯೇ.

ಒಂದು ಸಂಜೆ ಗೌಡರು ಮೂರನೇ ಟೇಬಲ್ಲಿನಲ್ಲಿ ಕೂತಿದ್ದರು. ಜೊತೆಗೆ ಚನ್ನರಾಯಪಟ್ಟಣದ ಆಚೆಯ ಬಾಗೂರಿನಿಂದ ಬಂದ ಗಂಡಿನ ತಂದೆ, ಊರಿನ ಡೈರಿ ಸೆಕ್ರೆಟರಿ, ಇನ್ನಿಬ್ಬರು ಹಿರಿಯರು. ಗೌಡರ ಮಗಳ ಮದುವೆಯ ಮಾತು ಅಲ್ಲೇ ಕುದುರಿತು. ಬೀಗರಾಗುವವರು ಕೈ ಕೈ ಹಿಡಿದುಕೊಂಡರು. ನಾನು ಇನ್ನೊಂದು ಸುತ್ತು ತಂದಿಟ್ಟೆ. ಆ ಹೊತ್ತಿಗೆ ಸರಿಯಾಗಿ ಸಣ್ಣಮ್ಮನ ಮೈದುನ ಜವರಪ್ಪ ಒಳಗೆ ಬಂದ. ಅವನೂ ಒಂದಿಷ್ಟು ಹಾಕಿದ್ದ, ಹಾಕದೆ ಗೌಡರೆದುರು ಮಾತಾಡುವ ಧೈರ್ಯ ಅವನಿಗಿರಲಿಲ್ಲ.

‘ಗೌಡ್ರೆ, ಮಗಳ ಮದ್ವೆ ಸಂತೋಸದಾಗೆ ನಮ್ಮತ್ಗೆಗೂ ಒಂದು ದಾರಿ ಬುಡಿ. ಒಂಟಿ ಎಂಗ್ಸು, ತಲೆ ಮ್ಯಾಲೆ ಗೊಬ್ರ ಒರ್ತಾವ್ಳೆ’ ಎಂದ.

ಹೊಸ ಬೀಗರ ಎದುರು ಇಲ್ಲ ಎನ್ನಲಾಗುತ್ತದೆಯೇ? ಗೌಡರು ಎದ್ದು ನಿಂತು, ನನ್ನ ಕೈಯಲ್ಲಿದ್ದ ತಟ್ಟೆಯ ಮೇಲೆ ಅಂಗೈ ಇಟ್ಟು, ‘ಅನ್ನ ಇಡೋ ತಟ್ಟೆ ಕಣ್ಲಾ ಇದು. ಇದ್ರಾಣೆ ಗಾಡಿ ಓಗೋವಷ್ಟು ದಾರಿ ಬುಟ್ಟೆ, ಓಗು’ ಎಂದರು. ಬಾಗೂರಿನ ಬೀಗರು ಕಣ್ಣೊರೆಸಿಕೊಂಡರು. ಜವರಪ್ಪ ಗೌಡರ ಕಾಲಿಗೆ ಬಿದ್ದು, ಏಳುವಾಗ ಟೇಬಲ್ಲಿಗೆ ತಲೆ ಹೊಡೆಸಿಕೊಂಡು, ನಗುತ್ತಾ ಹೋದ.

ಮಾರನೆಯ ಬೆಳಿಗ್ಗೆ ಟೀ ಅಂಗಡಿಗೆ ಬಾಗೂರಿನವರು ಬಂದರು, ಮದುವೆಯ ಮಾತು ಇನ್ನೊಮ್ಮೆ ಆಡಿದರು, ಗಟ್ಟಿಯಾಯಿತು. ಬೋರೇಗೌಡರು ಟೀ ಮುಗಿಸಿದವರೇ ‘ಬಸ್ಸಿಗ್ ಒತ್ತಾತು’ ಎಂದು ಬೀಗರ ಜೊತೆಯಲ್ಲೇ ಹೊರಟುಬಿಟ್ಟರು. ದಾರಿಯ ಮಾತು ಟೀ ಲೋಟದಲ್ಲೇ ಉಳಿಯಿತು.

ಹತ್ತು ಗಂಟೆಗೆ ಸಣ್ಣಮ್ಮ ಬಂದಳು. ಹೆಂಗಸರು ನಮ್ಮ ಮುಂಬಾಗಿಲಿಗೆ ಬರುವಂತಿರಲಿಲ್ಲ. ಖಾಲಿ ಬಾಟಲಿ ಪೇರಿಸುವ ಹಿಂದಿನ ಗೇಟಿನಲ್ಲಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

‘ಅಣ್ಣಾ, ನಮ್ ಮೈದ್ನ ಕುಡ್ದ್ ಬಂದು ಗೌಡ್ರು ದಾರಿ ಬುಟ್ರು ಅಂತಾನೆ. ಅವ್ನ್ ಮಾತು ನಂಬಂಗಿಲ್ಲ. ನೀನು ಕುಡ್ಯಾಕಿಲ್ವಂತೆ. ನೀನ್ ಯೋಳಣ್ಣ, ಗೌಡ್ರು ಅಂದ್ರಾ?’

ನಾನು ಒಳಗೆ ತಿರುಗಿ ನೋಡಿದೆ. ಮಾಲೀಕರು ಕೌಂಟರಿನ ದೇವರ ಫೋಟೋಗೆ ಊದುಬತ್ತಿ ಬೆಳಗುತ್ತಾ ಗಂಟೆ ಆಡಿಸುತ್ತಿದ್ದರು. ಅವರ ಕೈ ನಿಂತಿತು. ಮುಖ ದೇವರ ಕಡೆಯೇ ಇತ್ತು, ಕಿವಿ ನನ್ನ ಕಡೆ. ಎರಡು ಟೆಂಪೋ ಜನ ನನ್ನ ಕಣ್ಣ ಮುಂದೆ ಬಂದರು.

‘ಗದ್ಲದಾಗೆ ನಂಗೇನೂ ಕೇಳುಸ್ನಿಲ್ಲ ಕಣವ್ವ’ ಎಂದೆ.

‘ಓಗ್ಲಿ ಬುಡಣ್ಣ’ ಎಂದು ಹೊರಟುಹೋದಳು. ಒಳಗೆ ಗಂಟೆ ಮತ್ತೆ ಶುರುವಾಯಿತು.

ಮಧ್ಯಾಹ್ನ ಜವರಪ್ಪನೂ ಬಂದ. ಅವನಿಗೂ ಅದನ್ನೇ ಹೇಳಿದೆ. ಅವನು ಜಗಳವಾಡಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೋದ. ಆಮೇಲೆ ಅವನು ನಮ್ಮ ಬಾರಿಗೆ ಬರಲೇ ಇಲ್ಲ. ಕುಡಿತ ಬಿಟ್ಟನಂತೆ ಎಂದು ಯಾರೋ ಅಂದರು. ಒಂದು ಸಂಸಾರ ಉದ್ಧಾರವಾಯಿತು ಎಂದುಕೊಂಡೆ. ನಾಚಿಕೆಗೆಟ್ಟವನಿಗೆ ಸಮಾಧಾನಗಳು ಎಷ್ಟು ಬೇಗ ಸಿಗುತ್ತವೆ ನೋಡಿ. ಗೌಡರ ಮಗಳ ಮದುವೆಗೂ ಹೋಗಿ ಎರಡನೇ ಪಂಕ್ತಿಯಲ್ಲಿ ಉಂಡು ಬಂದೆ.

ಕಾಲವೂ ಬದಲಾಗುತ್ತಲೇ ಬಂದಿತ್ತು. ನಾನು ಸೇರಿದಾಗ ಪಕ್ಕದಲ್ಲೇ ಸಾರಾಯಿ ಅಂಗಡಿ ಇತ್ತು. ಅಲ್ಲಿ ಪ್ಯಾಕೆಟ್ಟು ಹಲ್ಲಿನಲ್ಲಿ ಕಚ್ಚಿ ಕುಡಿಯುವವರನ್ನು ನೋಡಿ ನಮ್ಮವರು ತಾವು ಸಾಹುಕಾರರೆಂದು ತಿಳಿಯುತ್ತಿದ್ದರು. ಸಾರಾಯಿ ನಿಂತಿತು, ಅವರೂ ನಮ್ಮಲ್ಲಿಗೇ ಬಂದರು, ನಮ್ಮವರ ಸಾಹುಕಾರಿಕೆ ಹೋಯಿತು. ಆಮೇಲೆ ಎಂಆರ್‌ಪಿ ಅಂಗಡಿಗಳು ಬಂದವು. ಜನ ಅಲ್ಲಿ ಕೊಂಡು ಕಾರಿನೊಳಗೆ, ಹೊಳೆ ದಂಡೆಯಲ್ಲಿ, ಎಲ್ಲೆಂದರಲ್ಲಿ ಕುಡಿಯತೊಡಗಿದರು. ಕೌಂಟರಿಗೆ ಸ್ಕ್ಯಾನ್ ಮಾಡುವ ಹಲಗೆ ಬಂತು. ಅದು ದುಡ್ಡು ಬಂದದ್ದನ್ನು ಹೆಣ್ಣುದನಿಯಲ್ಲಿ ಕೂಗಿ ಹೇಳುವಾಗ ಹಳೇ ಗಿರಾಕಿಗಳು ಬೆಚ್ಚಿಬೀಳುತ್ತಿದ್ದರು, ಹೆಂಡತಿ ಬಂದಳೆಂದು. ಕೊನೆಗೆ ಮೂರನೇ ಟೇಬಲ್ಲಿನ ನೆತ್ತಿಯ ಮೇಲೆ ಕ್ಯಾಮೆರಾ ಬಂತು. ‘ಇನ್ಮ್ಯಾಲೆ ನಿನ್ ಸಾಕ್ಸಿ ಬ್ಯಾಡ ರಂಗಣ್ಣ’ ಎಂದು ಮಾಲೀಕರು ನಕ್ಕರು. ಆ ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ನನ್ನ ಜಾಗಕ್ಕೆ ತಕ್ಕದ್ದನ್ನೇ ತಂದಿದ್ದರು.

ಮಂಡಿ ನೋವು ಜಾಸ್ತಿಯಾಗಿ ಕೆಲಸ ಬಿಡುವಾಗ ಮಾಲೀಕರು ಹಾರ ಹಾಕಿ ಶಾಲು ಹೊದಿಸಿ ಭಾಷಣ ಮಾಡಿದರು. ‘ಮೂವತ್ತೊಂದು ವರ್ಷ ನಮ್ಮ ರಂಗಣ್ಣ ಒಂದು ಮಾತು ಕೇಳಿಸಿಕೊಂಡವನಲ್ಲ, ಒಂದು ಮಾತು ಆಡಿದವನಲ್ಲ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹಿಂದಿನ ಗೇಟು ನೆನಪಾಯಿತು.

ಹೋದ ವರ್ಷ ನೆಂಟರೊಬ್ಬರ ಬೀಗರೂಟಕ್ಕೆ ಹಳೇಕೋಟೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೆರೆ ಏರಿಯ ಮೇಲೆ ಒಬ್ಬ ಹೆಂಗಸು ತಲೆಯ ಮೇಲೆ ಗೊಬ್ಬರದ ಮಂಕರಿ ಇಟ್ಟುಕೊಂಡು, ಒಂದು ಕೈ ಸೊಂಟಕ್ಕೆ ಕೊಟ್ಟು ನಡೆಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದವನು ಅದೇ ಊರಿನವನು. ‘ಸಣ್ಣಮ್ಮ ಅಂತ. ಒಂಬತ್ತು ವರ್ಸದಿಂದ ಇಂಗೇ ಸುತ್ತಾಡ್ತಾವ್ಳೆ. ನಾಳೆ ಸರ್ವೆಯರ್ ಬತ್ತಾರೆ. ಬೋರೇಗೌಡ್ರು ಹದ್ದುಬಸ್ತು ಮಾಡುಸ್ಕೊಂಡು ಕಲ್ಲು ನೆಡುಸ್ತಾರಂತೆ. ಕಲ್ಲು ನೆಟ್ರೆ ಮುಗೀತು’ ಎಂದ.

ಬೀಗರೂಟದ ಎಲೆಯಿಂದ ಅರ್ಧಕ್ಕೇ ಎದ್ದೆ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಬಸ್ಸು ಹತ್ತಿದೆ.

ಹೊಲದಲ್ಲಿ ಹದಿನೈದು ಜನ ಸೇರಿದ್ದರು. ಸರ್ವೆಯರ್ ಅಳತೆಯ ಸರಪಳಿ ಬಿಚ್ಚುತ್ತಿದ್ದರು. ಬೋರೇಗೌಡರು, ಡೈರಿ ಸೆಕ್ರೆಟರಿ, ಅವತ್ತಿನ ಇಬ್ಬರು ಹಿರಿಯರು, ಎಲ್ಲರೂ ಇದ್ದರು. ಸಣ್ಣಮ್ಮ ಬೇಲಿಯ ಆಚೆ ಒಬ್ಬಳೇ ನಿಂತಿದ್ದಳು. ನಾನು ಹೋಗಿ, ‘ಗೌಡ್ರೆ, ದಾರಿ ಬುಡ್ತೀನಿ ಅಂತ ಮಾತು ಕೊಟ್ಟಿದ್ರಿ’ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

‘ಯಾವಾಗ್ಲಾ? ಎಲ್ಲಿ?’

‘ಮೂರನೇ ಟೇಬಲ್ನಾಗೆ. ನನ್ ತಟ್ಟೆ ಮ್ಯಾಲೆ ಕೈ ಮಡಗಿ.’

ಗೌಡರು ಜೋರಾಗಿ ನಕ್ಕರು. ‘ಬಾರ್ನಾಗೆ ಕುಡ್ದು ಆಡಿದ್ದೆಲ್ಲ ಮಾತೇನ್ಲಾ? ಅದ್ನ ಇಲ್ಲಿಗ್ ತಂದವ್ನೆ ನೋಡ್ರಪ್ಪ, ಬಾರಿನೋನು!’ ಎಲ್ಲರೂ ನಕ್ಕರು. ಸರ್ವೆಯರ್ ಕೂಡ ನಕ್ಕರು. ಅವರು ಎರಡನೇ ಟೇಬಲ್ಲಿನವರು, ಬೆನ್ನು ತಿರುಗಿಸಿದಾಗ ಗುರುತು ಸಿಕ್ಕಿತ್ತು.

‘ಆಗ್ಲಿ ಗೌಡ್ರೆ’ ಎಂದೆ. ‘ಅಂಗಾರೆ ಬಾಗೂರ್ ಬೀಗ್ರಿಗೆ ಏನ್ ಯೋಳಾನ? ನಿಮ್ ಮಗಳ ಮದ್ವೆ ಮಾತಾಡಿದ್ದೂ ಅವತ್ತೇ, ಅದೇ ಟೇಬಲ್ನಾಗೇ, ಅದೇ ಬಾಟ್ಲು ಮುಂದ್ಲೇ. ಆ ಮಾತಿಗೆ ಎರಡು ಮೊಮ್ಮಕ್ಳು ಆಗವೆ. ಅದು ಮಾತು, ಇದು ಕುಡ್ದಿದ್ದು ಅಂತ ಎಂಗ್ ಬ್ಯಾರೆ ಮಾಡಾದು?’

ನಗು ನಿಂತಿತು. ನಾನು ಡೈರಿ ಸೆಕ್ರೆಟರಿಯ ಕಡೆ ತಿರುಗಿದೆ. ‘ನೀವೂ ಇದ್ರಲ್ಲ ಸಾ. ಅವತ್ತು ನೀವು ಯೋಳಿದ್ದೂ ನಂಗೆ ನೆಪ್ಪೈತೆ...’

‘ದಾರಿ ಬುಟ್ಬುಡಿ ಗೌಡ್ರೆ’ ಎಂದರು ಸೆಕ್ರೆಟರಿ, ನನ್ನ ಮಾತು ಮುಗಿಯುವ ಮೊದಲೇ.

ನಾನು ಹಿರಿಯರ ಕಡೆ ಬರೀ ನೋಡಿದೆ. ‘ಅಲ್ವಾ ಮತ್ತೆ, ರೂಢಿ ದಾರಿ ಅದು’ ಎಂದು ಒಬ್ಬರೆಂದರು. ‘ನಾನು ಮೊದ್ಲಿಂದ್ಲೂ ಅದೇ ಯೋಳ್ತಿದ್ದೆ’ ಎಂದು ಇನ್ನೊಬ್ಬರೆಂದರು. ಸರ್ವೆಯರ್ ಕಡೆ ಕಣ್ಣು ಹೊರಳಿಸುವಷ್ಟರಲ್ಲಿ ಅವರು, ‘ದಾರಿಗೆ ಜಾಗ ಬಿಟ್ಟೇ ಕಲ್ಲು ಹಾಕೋಣ, ಗೌಡ್ರು ಒಪ್ಪಿ ಸಹಿ ಮಾಡಲಿ’ ಎಂದರು. ಮೂವತ್ತೊಂದು ವರ್ಷ ನಾನು ಏನೇನು ಕೇಳಿಸಿಕೊಂಡಿರಬಹುದು ಎಂದು ಪ್ರತಿಯೊಬ್ಬರೂ ಅವರವರೇ ಲೆಕ್ಕ ಹಾಕಿಕೊಂಡರು. ನ್ಯಾಯ ಗೆದ್ದಿತು ಎಂದು ನಾನು ಬರೆಯುವುದಿಲ್ಲ. ಹೆದರಿಕೆ ಗೆದ್ದಿತು. ಗೌಡರು ಸಹಿ ಮಾಡಿದರು, ಬೇಲಿಯ ತಂತಿ ಬಿಚ್ಚಿದರು.

ನಾನು ಬೀಗಿದೆ, ಸುಳ್ಳು ಯಾಕೆ ಹೇಳಲಿ. ಸಣ್ಣಮ್ಮ ಈಗ ಕೈಮುಗಿಯುತ್ತಾಳೆ ಎಂದು ಕಾದೆ. ಅವಳು ಹತ್ತಿರ ಬಂದು ಕೇಳಿದಳು: ‘ಅವತ್ತು ಗೇಟ್ತಾವ ಕೇಳ್ದಾಗ್ಲೂ ಇದು ಗೊತ್ತಿತ್ತಾ ಅಣ್ಣಾ ನಿಂಗೆ?’

‘ಗೊತ್ತಿತ್ತು ಕಣವ್ವ.’

‘ನೀನು ಇಲ್ಲ ಅಂದ್ಮ್ಯಾಲೆ ನಮ್ ಮೈದ್ನನೇ ಸುಳ್ಳು ಯೋಳವ್ನೆ ಅಂದ್ಕಂಡೆ. ಕುಡ್ದು ನನ್ ಸಂಕ್ಟದ ಜೊತೆ ಆಟ ಆಡ್ದ ಅಂತ ಅವ್ನ ಮಾತೇ ಬುಟ್ಟಿದ್ದೆ. ಓದ್ವರ್ಸ ಸತ್ನಲ್ಲ, ಮೊಕ ನೋಡಕ್ಕೂ ಓಗ್ನಿಲ್ಲ.’

ದಾರಿಯ ವಿಷಯ ಒಂಬತ್ತು ವರ್ಷ ನನ್ನನ್ನು ಕೊರೆದಿತ್ತು. ಆದರೆ ನಾನು ಕಸಿದದ್ದು ದಾರಿಯೊಂದನ್ನೇ ಎಂದು ತಿಳಿದಿದ್ದೆ. ಜವರಪ್ಪನ ಮನೆ ಎಲ್ಲಿ ಎಂದು ಕೇಳಿದೆ. ಅವಳು ಬಿಚ್ಚಿದ ಬೇಲಿಯ ಕಡೆ ಕೈ ತೋರಿಸಿದಳು. ಆ ದಾರಿಯಲ್ಲೇ ಹೋದರೆ ಹತ್ತು ನಿಮಿಷವಂತೆ. ಇಬ್ಬರೂ ಹೋದೆವು. ಅವಳು ಮುಂದೆ, ನಾನು ಹಿಂದೆ.

ಜವರಪ್ಪನ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಓರಗಿತ್ತಿಯನ್ನು ಕಂಡು ಎದ್ದು ನಿಂತಳು. ನನ್ನ ಕಡೆ ನೋಡಿ ‘ಯಾರು?’ ಎಂದಳು.

‘ನರಸೀಪುರದ ಬಾರಿನ ರಂಗಣ್ಣ ಅಂತ’ ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

‘ನೀನೇನಾ?’ ಎಂದಳು. ‘ಪ್ರಾಣ ಓಗೋ ದಿನ್ವೂ ಅದೊಂದೇ ಯೋಳ್ತಿದ್ರು ನಮ್ಮನೆಯವ್ರು, ನಾನ್ ಸುಳ್ಳು ಯೋಳ್ನಿಲ್ಲ, ಬೇಕಾದ್ರೆ ರಂಗಣ್ಣನ್ನ ಕೇಳಿ, ರಂಗಣ್ಣನ್ನ ಕೇಳಿ ಅಂತ.’